ದೊಡ್ಡಿಯೊಳಗಿನ ಶನಿವಾರಗಳು

ಲಿವರ್‌ಪೂಲಿನ ಆನ್‌ಫೀಲ್ಡಿನ ನಮ್ಮ ಓಣಿಗಳಲ್ಲಿ ಶನಿವಾರ ಅಂದರೆ, ಅಮ್ಮಂದಿರು ಮಂಡಿಯೂರಿ ಹೊಸ್ತಿಲ ಕಲ್ಲು ತಿಕ್ಕೋ ಸದ್ದು, ಗೋಡೆಗೆಲ್ಲ ಮೆತ್ತಿಕೊಂಡ ಕಲ್ಲಿದ್ದಲ ಮಸಿ, ಜಿಗ್ಗರ್ ಅನ್ನೋ ಹಿಂದಿನ ಸಂದಿಯಲ್ಲಿ ಆರದೇ ತೂಗಾಡೋ ಒದ್ದೆ ಬಟ್ಟೆ, ಒಳಗೆ ಆಲೂಗಡ್ಡೆ ಕರಗುವವರೆಗೂ ಕೊತಕೊತ ಕುದಿಯೋ ಸ್ಕೌಸು ಅನ್ನೋ ಸಾರು. ಕಲ್ಲಿದ್ದಲು ಹೊತ್ತು ತಂದು, ತಂಗಿಯ ಗೊಣ್ಣೆ ಒರೆಸಿ, ಮೂಲೆ ಅಂಗಡಿಗೆ ಓಡಿ ಬಂದವರಿಗೇ ಫುಟ್‌ಬಾಲ್ ಮ್ಯಾಚಿಗೆ ಬಿಡುಗಡೆ. ಬಾಗಿಲೆದುರು ಕಾರು ನಿಂತಿತೋ, "ಕಾರು ಕಾಯ್ತೀವಿ, ಕಾಸು ಕೊಡಿ" ಅಂತ ಮುತ್ತಿ, ಚಿಲ್ಲರೆ ಗಿಟ್ಟಿಸಿ, ಕಾರನ್ನು ದೇವರಿಗೊಪ್ಪಿಸಿ, ಕಾಪ್ ಅನ್ನೋ ನಿಂತು ನೋಡೋ ಗ್ಯಾಲರಿಯ ಮೂಲೆಯಲ್ಲಿದ್ದ ಬಾಯ್ಸ್ ಪೆನ್ ಎಂಬ ಹುಡುಗರ ದೊಡ್ಡಿಗೆ ಓಟ. ಕಂಬಿ ಬಿಗಿದ ಆ ದೊಡ್ಡಿಯೊಳಗೆ ಗುದ್ದು, ಜಿಗುಟು, ಬೈಗುಳ. ದೊಡ್ಡವರು ನಿಂತ ಕಡೆಯಿಂದ ಮಳೆಗೆ ನೆಂದ ಕೋಟು, ಹೊಗೆಸೊಪ್ಪು, ಕುಡಿಯೋ ಬಿಸಿ ಬೋವ್ರಿಲ್ಲು, ಇನ್ನೂ ಏನೇನೋ ಹೇಳಬಾರದ್ದರ ವಾಸನೆ.

ಬಿಲ್ ಶ್ಯಾಂಕ್ಲಿ 1959ರ ಡಿಸೆಂಬರಿನಲ್ಲಿ ಮ್ಯಾನೇಜರಾಗಿ ಬಂದಾಗ ನಮ್ಮ ಲಿವರ್‌ಪೂಲ್ ತಂಡ ಎರಡನೇ ಡಿವಿಜನ್ನಿನಲ್ಲಿ ಕೊಳೀತಾ ಬಿದ್ದಿತ್ತು. ಸ್ಕಾಟ್ಲೆಂಡಿನ ಗ್ಲೆನ್‌ಬಕ್ ಎಂಬ ಗಣಿಹಳ್ಳಿಯವನು, ಹತ್ತು ಮಕ್ಕಳ ಮನೆ, ಐವರು ಗಂಡುಮಕ್ಕಳೂ ಚೆಂಡು ಒದ್ದೇ ದುಡಿದವರು, ಇವನೂ ಗಣಿಯ ಮಸಿ ಬಳಿದುಕೊಂಡವನೇ, ಆಮೇಲೆ ಪ್ರೆಸ್ಟನ್ನಿಗೆ ಆಡಿ 1938ರಲ್ಲಿ ಎಫ್‌ಎ ಕಪ್ ಗೆದ್ದವನು ಅನ್ನೋದೆಲ್ಲ ಅಪ್ಪಂದಿರ ಬಾಯಲ್ಲಿ ಕೇಳಿ ಕೇಳಿ ನಮಗೆ ಮಗ್ಗಿಗಿಂತ ಚೆನ್ನಾಗಿ ಬರುತ್ತಿತ್ತು. ಕಾರ್ಲೈಲು, ಗ್ರಿಮ್ಸ್‌ಬಿ, ವರ್ಕಿಂಗ್ಟನ್, ಹಡರ್ಸ್‌ಫೀಲ್ಡು ಸುತ್ತಿ ಬಂದ ಮ್ಯಾನೇಜರು ಅನ್ನೋದು ಯಾರಿಗೆ ಬೇಕಿತ್ತು!

1962ರಲ್ಲಿ ತಂಡ ಮೇಲೆ ಹತ್ತಿತು, 1964ರಲ್ಲಿ ಲೀಗೇ ನಮ್ಮದು, ಆ ವರ್ಷದ ಕೊನೆಗೆ ಚಡ್ಡಿ, ಕಾಲುಚೀಲ ಸಮೇತ ಎಲ್ಲ ಕೆಂಪು. ಅಮ್ಮಂದಿರಿಗೆ ಆಗ ಹೊಸ ಪೀಕಲಾಟ: ಬಿಳಿ ಚಡ್ಡಿಗೆ ಬಣ್ಣ ಹಾಕಿಕೊಡು ಅಂತ ಮನೆಮನೆಯಲ್ಲೂ ರಚ್ಚೆ. ಮರುವರ್ಷ ವೆಂಬ್ಲಿಯಲ್ಲಿ ಜೆರಿ ಬರ್ನ್ ಮುರಿದ ಕೊರಳೆಲುಬಿನಲ್ಲೇ ಕೊನೆತನಕ ಆಡಿ, ಲೀಡ್ಸನ್ನು 2-1ರಿಂದ ಸೋಲಿಸಿ, ನಮ್ಮ ತಂಡ ಅಷ್ಟು ಕಾಲ ಕಾದಿದ್ದ ಮೊದಲ ಎಫ್‌ಎ ಕಪ್ ಮನೆಗೆ ಬಂತು. ಅಂದಿನಿಂದ ನಮ್ಮಲ್ಲಿ ಯಾರು ಬಿದ್ದು ಮೊಣಕಾಲು ತರಚಿಕೊಂಡರೂ ಅಳೋ ಹಾಗೇ ಇರಲಿಲ್ಲ. ಶನಿವಾರ ಸಂಜೆ ಗುಲಾಬಿ ಹಾಳೆಯ ಎಕೋ ಪತ್ರಿಕೆ ಬಂದರೆ, ಕಣ್ಣಾರೆ ಕಂಡ ಮ್ಯಾಚನ್ನೇ ಅಪ್ಪ ಒಲೆಯೆದುರು ಗಟ್ಟಿಯಾಗಿ ಓದಬೇಕು, ನಾವು ಮಸಿಗೈಯಲ್ಲಿ ಬ್ರೆಡ್ಡು ಅದ್ದಿಕೊಂಡು ಕೇಳಬೇಕು. ಶ್ಯಾಂಕ್ಲಿಗೆ ಕಾಗದ ಬರೆದವರಿಗೆ ಅವನು ತಾನೇ ಟೈಪು ಮಾಡಿ ಉತ್ತರ ಕಳಿಸುತ್ತಿದ್ದ. ಅಂಥ ಕಾಗದ ಬಂದ ಮನೆಯ ಹುಡುಗನ ಜಂಬ ಸಹಿಸೋಕಾಗ್ತಿರಲಿಲ್ಲ.

1974ರಲ್ಲಿ ನ್ಯೂಕ್ಯಾಸಲ್ಲನ್ನು 3-0ಯಿಂದ ಮಣ್ಣುಮುಕ್ಕಿಸಿ ಇನ್ನೊಂದು ಕಪ್ ತಂದವನು, ಜುಲೈಯಲ್ಲಿ ಸಾಕು ಅಂದುಬಿಟ್ಟ. ಬೀದಿಯಲ್ಲಿ ಯಾರೂ ನಂಬಲಿಲ್ಲ. ಅವನ ಪಕ್ಕದಲ್ಲೇ ಇದ್ದ ಪೈಸ್ಲಿ ಅವನ ಜಾಗಕ್ಕೆ ಬಂದು ಮುಂದೆ ಮೂರು ಯೂರೋಪಿಯನ್ ಕಪ್ ತಂದ, ನಿಜ, ದೊಡ್ಡದೇ. ಅಷ್ಟರಲ್ಲಿ ನಾವೂ ಬೆಳೆದು ಹಡಗುಕಟ್ಟೆ, ಕಾರ್ಖಾನೆ ಅಂತ ಚದುರಿದ್ದೆವು. 1981ರಲ್ಲಿ ಶ್ಯಾಂಕ್ಲಿ ತೀರಿಹೋದ, 1994ರಲ್ಲಿ ನಿಂತು ನೋಡೋ ಕಾಪೂ ಹೋಗಿ ಕುರ್ಚಿ ಬಂದವು, ಹೊಸ್ತಿಲು ತಿಕ್ಕುತ್ತಿದ್ದ ಓಣಿಗಳಲ್ಲಿ ಎಷ್ಟೋ ಈಗ ಇಲ್ಲ. ಕೆಲಸ ಬಿಟ್ಟ ಮೇಲೆ ವೆಸ್ಟ್ ಡರ್ಬಿಯ ಅವನ ಮನೆ ಹತ್ತಿರದ ಹುಡುಗರ ಜತೆ ಶ್ಯಾಂಕ್ಲಿ ಚೆಂಡಾಡುತ್ತಿದ್ದನಂತೆ. ದುಡ್ಡು ಕೊಟ್ಟು ದೊಡ್ಡಿಯಲ್ಲಿ ನಿಂತು ಗುದ್ದಿಸಿಕೊಂಡವರು ನಾವು, ಆಡಿದ್ದು ಅವರು! ಆ ಪಿಳ್ಳೆಗಳ ಮೇಲಿನ ಹೊಟ್ಟೆಕಿಚ್ಚು ನಮ್ಮಲ್ಲಿ ಯಾರಿಗೂ ಇನ್ನೂ ಆರಿಲ್ಲ.