ಒಂದು ತೊಲ ಸೀಸ

ಪತ್ತಾರರ ಮನೆಯಲ್ಲಿ ಹುಟ್ಟಿದವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಏನನ್ನೇ ಕೊಡಿ, ಅಂಗೈ ಎರಡು ಸಲ ಮೇಲೆ ಕೆಳಗೆ ಆಡಿ ತೂಕ ನೋಡುತ್ತದೆ. ಮದುವೆ ಮನೆಯ ತೆಂಗಿನಕಾಯಿಯಾಗಲಿ, ಕಂಡಕ್ಟರ್ ಕೊಟ್ಟ ಚಿಲ್ಲರೆಯಾಗಲಿ, ಬಿಟ್ಟಿಲ್ಲ. ಅಮೆರಿಕದ ಮೊಂಟಾನಾದ ಬೋಜ್‌ಮನ್ ಊರಿನ ಬಂದೂಕಿನ ಅಂಗಡಿಯಲ್ಲಿ ಗುಂಡೊಂದನ್ನು ಕೈಗಿಟ್ಟಾಗಲೂ ಅದೇ ಆಯಿತು. ಅಂಗಡಿಯವನು ನಕ್ಕ. ‘ನೂರಾ ಎಂಬತ್ತು ಗ್ರೇನ್’ ಎಂದ.

ನನ್ನನ್ನು ಅಲ್ಲಿಗೆ ಕರೆದೊಯ್ದವರು ಮನೆಯ ಮಾಲೀಕರು. ಎಪ್ಪತ್ತು ದಾಟಿದವರು, ಊರಾಚೆ ದನ ಸಾಕಿಕೊಂಡವರು, ಅವರ ಹಿತ್ತಲ ಮನೆಯಲ್ಲಿ ನನ್ನ ಬಾಡಿಗೆ ವಾಸ. ಆ ವರ್ಷ ಅವರ ಎರಡು ಕರು ತೋಳದ ಪಾಲಾಗಿದ್ದವು. ಅಲ್ಲಿ ಲೈಸೆನ್ಸ್ ತೆಗೆದುಕೊಂಡರೆ ತೋಳ ಹೊಡೆಯಬಹುದು. ಅದಕ್ಕೊಂದು ರೈಫಲ್ ಬೇಕು ಎಂದರು. ಮನೆಯಲ್ಲಿ ನಾಲ್ಕು ಇವೆಯಲ್ಲ ಎಂದೆ. ‘ಅವು ಎಲ್ಕ್ ಬೇಟೆಗೆ’ ಎಂದರು, ಅಲ್ಲಿನ ದೊಡ್ಡ ಜಿಂಕೆಯ ಬೇಟೆಗೆ. ಕಪಾಟಿನ ತುಂಬ ಸೀರೆ ಇಟ್ಟುಕೊಂಡು ದೀಪಾವಳಿಗೆ ಉಡಲು ಒಂದೂ ಇಲ್ಲ ಎನ್ನುವ ನಮ್ಮವ್ವನ ದನಿಯೇ ಅದು.

ಸೀರೆಯಂಗಡಿಯಲ್ಲಿ ಕೂತಷ್ಟೇ ಹೊತ್ತು ಇಲ್ಲೂ ಕೂತೆವು. ತೊಡಕು ಏನೆಂದರೆ, ತೋಳವನ್ನು ತಿನ್ನುವುದಿಲ್ಲ. ಬೇಕಾದದ್ದು ಚರ್ಮ, ಚಳಿಗಾಲದಲ್ಲಿ ಒತ್ತಾಗಿ ಬೆಳೆದ ತುಪ್ಪಳ. ಎಲ್ಕ್‌ಗೆ ಬಳಸುವ ಭಾರದ ಗುಂಡು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹರಿದುಕೊಂಡು ಹೋಗುತ್ತದೆ, ಚರ್ಮ ಕೆಡುತ್ತದೆ. ಅಂಗಡಿಯವನ ಮತ .22-250 ಎಂಬ ಕಾಡತೂಸಿನ ಕಡೆಗಿತ್ತು. ಅದರ ಗುಂಡು ಬರೀ 55 ಗ್ರೇನ್. ವೇಗದಲ್ಲಿ ಹೋಗಿ ಒಳಗೇ ಚೂರಾಗುತ್ತದೆ, ಆಚೆ ಬರುವುದು ಕಡಿಮೆ. ‘ಮುನ್ನೂರು ಗಜ ದೂರ, ಅಡ್ಡಗಾಳಿ ಬೀಸಿದರೆ?’ ಎಂದರು ಮಾಲೀಕರು. ಹಗುರ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಮೊಂಟಾನಾದ ಗಾಳಿಯನ್ನು ನಾನು ಬಲ್ಲೆ, ಅದು ನನ್ನನ್ನೇ ತಳ್ಳಿದೆ.

ಈ ಹೆಸರುಗಳದ್ದೇ ಒಂದು ಕಥೆ. ಮೊದಲಿನ ಅಂಕಿ ನಳಿಗೆಯ ಅಗಲ, ಇಂಚಿನ ಲೆಕ್ಕದಲ್ಲಿ. ಆಮೇಲಿನದಕ್ಕೆ ಯಾವ ನಿಯಮವೂ ಇಲ್ಲ. .30-06ರ ಆರು ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ 1906ನೇ ಇಸವಿ. .30-30ರ ಎರಡನೇ ಮೂವತ್ತು, ತುಂಬುತ್ತಿದ್ದ ಮದ್ದಿನ ತೂಕ. .22-250ರ ಇನ್ನೂರೈವತ್ತು ಅದು ಹುಟ್ಟಿಬಂದ ಕಾಡತೂಸಿನ ಹೆಸರು: .250 ಸ್ಯಾವೇಜ್‌ನ ಕತ್ತನ್ನು ಕಿರಿದು ಮಾಡಿದರೆ ಇದು. ಒಬ್ಬರ ಅಡ್ಡಹೆಸರು ಊರಿನದು, ಇನ್ನೊಬ್ಬರದು ಕಸುಬಿನದು, ಮತ್ತೊಬ್ಬರದು ಮುತ್ತಜ್ಜನದು, ಥೇಟ್ ನಮ್ಮ ಸೀಮೆಯ ಹಾಗೆ. ಕೊನೆಗೆ ಮಾಲೀಕರು ಕೊಂಡದ್ದು .243. 1955ರಲ್ಲಿ ವಿಂಚೆಸ್ಟರ್‌ನವರು .308ರ ಕತ್ತು ಹಿಸುಕಿ ಮಾಡಿದ್ದು. ನೂರು ಗ್ರೇನ್ ಗುಂಡು; ಗಾಳಿಗೂ ನಿಲ್ಲುತ್ತದೆ, ಚರ್ಮಕ್ಕೂ ಅಷ್ಟು ಕೇಡಲ್ಲ. ಮಧ್ಯಸ್ಥಿಕೆ ಎನ್ನಿ.

ನನಗೆ ಮಾತ್ರ 180 ಎಂಬ ಸಂಖ್ಯೆಯೇ ಕಿವಿಯಲ್ಲಿ ಉಳಿಯಿತು. ಗ್ರೇನ್ ಎಂದರೆ ಕಾಳು. ಅವರದು ಜವೆಯ ಕಾಳು, ನಮ್ಮದು ಗುಲಗಂಜಿ. ಎಂಟು ಗುಂಜಿಗೆ ಮಾಸಿ, ಹನ್ನೆರಡು ಮಾಸಿಗೆ ತೊಲ. ಒಂದು ಗುಲಗಂಜಿಯ ಹಾಗೆ ಇನ್ನೊಂದಿಲ್ಲ. ಕಂಪನಿ ಸರ್ಕಾರ 1833ರಲ್ಲಿ ತೊಲಕ್ಕೆ 180 ಗ್ರೇನ್ ಎಂದು ಗೊತ್ತುಮಾಡಿತು. ಬೆಳ್ಳಿ ರೂಪಾಯಿಗೂ ಅದೇ ತೂಕ. ಅಂದರೆ ನನ್ನ ಅಂಗೈ ಮೇಲಿದ್ದದ್ದು ಸರಿಯಾಗಿ ಒಂದು ತೊಲ ಸೀಸ. ಅಪ್ಪನ ತಕ್ಕಡಿಯಲ್ಲಿ ಇಡಬಹುದಾಗಿದ್ದ ತೂಕದ ಬಟ್ಟು.

ಗಂಗಾವತಿಯ ಅಂಗಡಿಯಲ್ಲಿ ಅಪ್ಪನಿಗೆ ಕುರುಬರೇ ಒಳ್ಳೆಯ ಗಿರಾಕಿಗಳು. ಕುರಿ ಮಾರಿದ ದುಡ್ಡು ಬೆಳ್ಳಿ ಕಡಗವಾಗುತ್ತಿತ್ತು, ಉಡದಾರವಾಗುತ್ತಿತ್ತು. ಒಮ್ಮೆ ಒಬ್ಬ ಮುದುಕ ಬಂದು, ತೋಳ ಒಂದು ಮರಿ ಹೊತ್ತೊಯ್ದ ಸುದ್ದಿಯನ್ನು ಮಳೆ ಬಂತು ಎನ್ನುವಷ್ಟೇ ಸಹಜವಾಗಿ ಹೇಳಿದ. ಅಪ್ಪ ಮರುಗಿದರು. ಮುದುಕ ಹೇಳಿದ: ‘ನೀ ಸವಕಳಿ ಅಂತ ಹಿಡೀತಿಯಲ್ಲೊ ಪತ್ತಾರಪ್ಪಾ, ಬೆಂಕಿ ತಿಂತು ಅಂತಿ. ನಂದೂ ಹಂಗ. ತ್ವಾಳದ ಪಾಲು ತ್ವಾಳಕ್ಕ.’ ಅಪ್ಪ ಆ ದಿನ ಸವಕಳಿ ಕೊಂಚ ಕಡಿಮೆ ಹಿಡಿದರೆಂದು ನನ್ನ ಅನುಮಾನ. ಎಲ್ಲ ಕುರಿಗಾರರೂ ಹಾಗೆ ದೊಡ್ಡ ಮನಸ್ಸಿನವರು ಎಂದೇನೂ ನಾನು ಹೇಳುತ್ತಿಲ್ಲ. ಮರಿ ಹೋದಾಗ ಬಡಿಗೆ ಹಿಡಿದು ಓಡುವವರೇ ಹೆಚ್ಚು. ಈಗ ಅದೇ ಸೀಮೆಯ ಬಂಕಾಪುರದಲ್ಲಿ ತೋಳಧಾಮವಿದೆ. 1972ರ ವನ್ಯಜೀವಿ ಕಾಯಿದೆಯ ಬೆಂಬಲವೂ ತೋಳಕ್ಕೆ ಸಿಕ್ಕಿದೆ.

ಮೊಂಟಾನಾದ ಕಡೆ ಲೆಕ್ಕ ಬೇರೆ. ಅಲ್ಲಿ ತೋಳದ ಸಂತತಿ ತೆಗೆದದ್ದು ಬಂದೂಕಿಗಿಂತ ಹೆಚ್ಚಾಗಿ ವಿಷ. ಹತ್ತೊಂಬತ್ತನೇ ಶತಮಾನದಲ್ಲಿ ಸತ್ತ ಕಾಡೆಮ್ಮೆಯ ಮೈಗೆ ಸ್ಟ್ರಿಕ್ನಿನ್ ಸವರಿ ಬಯಲಲ್ಲಿ ಬಿಡುತ್ತಿದ್ದರು. ತಿಂದ ತೋಳ, ನರಿ, ಹದ್ದು ಎಲ್ಲ ಸುತ್ತಲೂ ಬಿದ್ದಿರುತ್ತಿದ್ದವು. ಕ್ಯಾಲಿಬರ್ ಕೇಳುವವರು ಯಾರು? ತಲೆಗಿಷ್ಟು ಎಂದು ಸರ್ಕಾರದ ಇನಾಮು ಬೇರೆ. 1926ರಲ್ಲಿ ಪಕ್ಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಎರಡು ತೋಳದ ಮರಿಗಳನ್ನು ಕೊಂದ ಮೇಲೆ ಅಲ್ಲಿ ಊಳಿಡುವವರಿರಲಿಲ್ಲ. 1995ರಲ್ಲಿ ಕೆನಡಾದಿಂದ ಹದಿನಾಲ್ಕು ತೋಳ ತಂದು ಬಿಟ್ಟರು. ಅವುಗಳ ವಂಶ ಬೆಳೆದು, 2011ರಲ್ಲಿ ಅಮೆರಿಕದ ಸಂಸತ್ತೇ ಇಡಾಹೊ, ಮೊಂಟಾನಾಗಳಲ್ಲಿ ತೋಳಕ್ಕಿದ್ದ ರಕ್ಷಣೆಯನ್ನು ಹಿಂತೆಗೆದುಕೊಂಡಿತು. ಕೊಂದವರೇ ಕರೆತಂದು, ಕರೆತಂದವರೇ ಲೈಸೆನ್ಸ್ ಕೊಡುವ ಈ ಸಂಸಾರವನ್ನು ಅಪ್ಪನಿಗೆ ಫೋನಿನಲ್ಲಿ ವಿವರಿಸಲು ಹೋಗಿ ಸೋತಿದ್ದೇನೆ.

ಹೊಸ ರೈಫಲ್ ಆ ಚಳಿಗಾಲವೆಲ್ಲ ಗೋಡೆಯ ಮೇಲಿತ್ತು. ಜನವರಿಯ ಒಂದು ಬೆಳಿಗ್ಗೆ ಹುಲ್ಲಿನ ಬಣವೆಯ ಹತ್ತಿರ ತೋಳ ನಿಂತಿತ್ತಂತೆ, ನಲವತ್ತು ಗಜ ದೂರದಲ್ಲಿ. ಗಾಳಿಯೂ ಇರಲಿಲ್ಲ. ಮಾಲೀಕರ ಕೈಯಲ್ಲಿದ್ದದ್ದು ಬಕೆಟ್ಟು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ತೋಳ ಮೊದಲು ಹೊರಟಿತು. ಇದನ್ನು ಹೇಳುವಾಗ ಅವರ ಮುಖದಲ್ಲಿ ಸಿಟ್ಟಿತ್ತೋ ಸಂತೋಷವಿತ್ತೋ ನನಗೆ ಗೊತ್ತಾಗಲಿಲ್ಲ.

ಅವರು ಕಾಡತೂಸುಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಅದಕ್ಕೊಂದು ಪುಟ್ಟ ತಕ್ಕಡಿ, ಅಡ್ಡದಂಡ, ಹಿತ್ತಾಳೆ ತಟ್ಟೆ, ಮದ್ದು ಒಂದು ಹರಳು ಹೆಚ್ಚಾಗದಂತೆ ಉಸಿರು ಬಿಗಿಹಿಡಿದು ತೂಗುವುದು. ಅಪ್ಪ ಕೂತಂತೆಯೇ ಕೂರುತ್ತಾರೆ, ಬೆನ್ನು ಬಾಗಿಸಿ. ಒಂದು ಸಂಜೆ ಎಲ್ಕ್‌ನ ಹಳೆಯ ಗುಂಡನ್ನು ಇಟ್ಟು ನೋಡಿದೆ. 180. ಆಮೇಲೆ ಅವ್ವ ಲಕ್ಷ್ಮೀಪೂಜೆಗೆಂದು ಕೊಟ್ಟು ಕಳಿಸಿದ್ದ ರೂಪಾಯಿಯನ್ನು ಇಟ್ಟೆ. ಐದನೇ ಜಾರ್ಜನದು, 1919. ದಂಡ ತೂಗಾಡಿ ನಿಂತಿತು: 178, ಮೇಲೆ ಒಂದು ಕೂದಲಷ್ಟು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ರೂಪಾಯಿಯ ತೂಕದಲ್ಲಿ ಎರಡು ಗ್ರೇನ್‌ಗೆ ತುಸು ಕಡಿಮೆ ಕೊರತೆ ಬಂತು ಎಂದೆ. ಮನಸ್ಸಿನಲ್ಲೇ ಭಾಗಿಸಿದ್ದು ಕೇಳಿಸಿದಂತಾಯಿತು.

‘ಒಂದ್ ಗುಂಜಿ ಸವದೈತಿ ತಮ್ಮಾ. ಎಷ್ಟ್ ಕೈ ದಾಟಿ ಬಂದೈತೊ ಏನೊ.’ ಸ್ವಲ್ಪ ಹೊತ್ತು ಬಿಟ್ಟು, ‘ಆ ಮುದುಕಗ ತ್ವಾಳ ಸಿಕ್ತೇನು?’ ಎಂದರು.

‘ಸಿಕ್ಕಿತ್ತು, ಕೈಯಾಗ ಬಕೆಟ್ ಇತ್ತು’ ಎಂದೆ. ಅಪ್ಪ ಕೆಮ್ಮು ಬರುವ ತನಕ ನಕ್ಕರು.