ಭೋಂಗಾ, ಬಿಲ್ಲೆ, ವರ್ಗಣಿ

ಹುಬ್ಬಳ್ಳಿಯ ಕೇಶ್ವಾಪುರದ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ನಾವು ಬೆಳೆಯುವಾಗ ಮನೆಯಲ್ಲಿ ಗಡಿಯಾರವಿದ್ದರೂ ನಂಬುತ್ತಿದ್ದುದು ವರ್ಕ್‌ಶಾಪಿನ ಸೈರನ್ನನ್ನು, ಅಂದರೆ ಭೋಂಗಾವನ್ನು. ಮೊದಲ ಭೋಂಗಾಕ್ಕೆ ಬುತ್ತಿ ಕಟ್ಟಿರಬೇಕು, ಮುಂದಿನದಕ್ಕೆ ಅಪ್ಪ ಗೇಟಿನ ಒಳಗಿರಬೇಕು. ಅಲ್ಲಿ ಪ್ರತಿಯೊಬ್ಬನಿಗೂ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಅದನ್ನು ಸಮಯಕ್ಕೆ ಸರಿಯಾಗಿ ಹಲಗೆಗೆ ತೂಗುಹಾಕಿದರೆ ಹಾಜರಿ, ಇಲ್ಲವಾದರೆ ಪಗಾರಕ್ಕೆ ಕತ್ತರಿ. ನೌಕರಿ ಮುಗಿದ ದಿನ ಅಪ್ಪ ಬಿಲ್ಲೆಯನ್ನು ಮರಳಿ ಕೊಟ್ಟರು. ಮನೆಯಲ್ಲಿ ಉಳಿದದ್ದು ಎನಾಮಲ್ ಬುತ್ತಿ ಡಬ್ಬಿ, ಎಣ್ಣೆಗೈ ಹತ್ತಿದ ನಿಯಮ ಪುಸ್ತಕ, ಬೀಳ್ಕೊಡುಗೆಯ ಗ್ರೂಪ್ ಫೋಟೊ.

ಆಗ ಕ್ವಾರ್ಟರ್ಸ್ ಖಾಲಿ ಮಾಡುವವರ ಬಾಗಿಲಿಗೆ ಗುಜರಿ ಗಾಡಿ ಬಂದು ನಿಲ್ಲುತ್ತಿತ್ತು. ಹಿತ್ತಾಳೆಗೊಂದು ದರ, ಕಬ್ಬಿಣಕ್ಕೊಂದು, ಕಾಗದಕ್ಕೊಂದು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಾಗ ಒಂದಿಡೀ ಕಾಲದ ಸಾಮಾನು ಕೆಲಸಕ್ಕೆ ಬಾರದಾಯಿತು. ದಪ್ಪ ರಟ್ಟಿನ ಟಿಕೆಟ್ಟೂ, ಅದರ ಮೇಲೆ ತಾರೀಖು ಒತ್ತುವ ಯಂತ್ರವೂ ಕಂಪ್ಯೂಟರ್ ಬಂದ ಮೇಲೆ ಮೂಲೆ ಸೇರಿದವು. ಮೈಸೂರಿನಲ್ಲಿ 1979ರಿಂದಲೇ ರೈಲ್ವೆ ಮ್ಯೂಸಿಯಂ ಇತ್ತು. ದಕ್ಷಿಣ ಮರಾಠಾ ರೈಲ್ವೆಯ ಕಾಲದಿಂದ ರೈಲಿನ ಮೇಲೆಯೇ ಬದುಕಿದ ಹುಬ್ಬಳ್ಳಿಯಲ್ಲಿ ಇರಲಿಲ್ಲ.

2020ರ ಆಗಸ್ಟ್‌ನಲ್ಲಿ, ಕೊರೋನಾದ ನಡುವೆ, ಗದಗ ರಸ್ತೆಯಲ್ಲಿ ರೈಲ್ವೆ ಆಸ್ಪತ್ರೆಯ ಹತ್ತಿರ ನಮ್ಮ ಮ್ಯೂಸಿಯಂ ಉದ್ಘಾಟನೆಯಾಯಿತು. ಉತ್ತರ ಕರ್ನಾಟಕಕ್ಕೆ ಅದೇ ಮೊದಲನೆಯದು. ಹಳೆಯ ಎರಡು ರೈಲ್ವೆ ಕಟ್ಟಡಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟು ಅವುಗಳಲ್ಲೇ ವಸ್ತುಗಳನ್ನು ಜೋಡಿಸಿದ್ದಾರೆ. ಗುಜರಿಯ ತಕ್ಕಡಿ ಏರಬಹುದಾಗಿದ್ದ ಸಾಮಾನಿಗೆ ಕೊನೆಗೂ ಒಂದು ಸೂರು ಸಿಕ್ಕಿತು.

ಸೂರು ರೈಲ್ವೆ ಕೊಟ್ಟಿದೆ, ಸರಿ. ಆದರೆ ಬರೀ ಇಲಾಖೆಯ ಹಣ ಮತ್ತು ಟಿಕೆಟ್ಟಿನ ಕಾಸಿನಿಂದ ಮ್ಯೂಸಿಯಂ ಬದುಕುತ್ತದೆಂದು ನಾನು ನಂಬುವುದಿಲ್ಲ. ನೀಲ್ ಬಾಲ್ ಟೋಕನ್ ಯಂತ್ರವನ್ನೇ ತೆಗೆದುಕೊಳ್ಳಿ. ಯಾವ ಮ್ಯೂಸಿಯಂನಲ್ಲಿಟ್ಟರೂ ಗೊತ್ತಿಲ್ಲದವರಿಗೆ ಅದೊಂದು ಕಬ್ಬಿಣದ ಪೆಟ್ಟಿಗೆ ಅಷ್ಟೆ. ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾಗದಂತೆ ಕಾದದ್ದು ಅದು. ಮುಂದಿನ ಸ್ಟೇಶನ್ನಿನವರು ಒಪ್ಪಿಗೆ ಕೊಡದೆ ಈ ಕಡೆ ಉಕ್ಕಿನ ಗುಂಡು ಹೊರಗೆ ಬರುವುದಿಲ್ಲ. ಬಂದ ಗುಂಡು ಆ ಕಡೆಯ ಯಂತ್ರಕ್ಕೆ ಬೀಳುವ ತನಕ ಎರಡೂ ಕಡೆ ಇನ್ನೊಂದು ಗುಂಡು ಏಳುವುದಿಲ್ಲ. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬಳೆಗೆ ಕಟ್ಟಿ, ಓಡುವ ಎಂಜಿನ್ನಿನಿಂದ ಬಾಗಿದ ತೋಳಿಗೆ ಪಾಯಿಂಟ್ಸ್‌ಮನ್ ಕೊಡುತ್ತಿದ್ದ. ಇದನ್ನು ಕೈಯಾರೆ ಮಾಡಿದವನು ಪಕ್ಕದಲ್ಲಿ ನಿಂತು ಹೇಳಿದಾಗ ಮಕ್ಕಳು ಅಲ್ಲಾಡುವುದಿಲ್ಲ.

ಮ್ಯೂಸಿಯಂ ಬದುಕುವುದು ಇಂಥ ಜನರಿಂದ. ವೇಲ್ಸ್‌ನಲ್ಲಿ ಟಾಲಿಲಿನ್ ಎಂಬ ಪುಟ್ಟ ರೈಲು ನಿಲ್ಲುವ ಹೊತ್ತಿಗೆ ಅಭಿಮಾನಿಗಳು 1950ರಲ್ಲಿ ಸಂಘ ಕಟ್ಟಿ, ಚಂದಾ ಕೂಡಿಸಿ, 1951ರಿಂದ ತಾವೇ ಅದನ್ನು ಓಡಿಸಿದರು. ಅಷ್ಟು ದೂರ ಹೋಗುವುದೂ ಬೇಡ. ಧಾರವಾಡದಲ್ಲಿ 1890ರಲ್ಲಿ ರಾ. ಹ. ದೇಶಪಾಂಡೆಯವರು ಕಟ್ಟಿದ ವಿದ್ಯಾವರ್ಧಕ ಸಂಘ ಇಂದಿಗೂ ಗಟ್ಟಿಯಾಗಿದೆ. ಅದಕ್ಕೆ ಸದಸ್ಯರಿದ್ದಾರೆ, ನಮ್ಮದು ಎಂದು ಜಗಳಾಡುವವರೂ ಇದ್ದಾರೆ.

ರೈಲ್ವೆ ಮ್ಯೂಸಿಯಂಗೂ ಅಂಥ ಬಳಗ ಬೇಕು. ಸರ್ಕಾರಿ ಇಲಾಖೆಗೆ ಯಾರೋ ಹೋಗಿ ನೂರು ರೂಪಾಯಿ ಕೊಡುತ್ತೇನೆಂದರೆ ಅದನ್ನು ಯಾವ ಲೆಕ್ಕಕ್ಕೆ ಬರೆಯುವುದೆಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ನೋಂದಾಯಿತ ಸಂಘ, ಪಾವತಿ ಪುಸ್ತಕ, ವರ್ಷಕ್ಕೊಮ್ಮೆ ಎಲ್ಲರೆದುರು ಓದುವ ಲೆಕ್ಕಪತ್ರ. ಪಟ್ಟಿ ಎತ್ತುವುದನ್ನು ಹುಬ್ಬಳ್ಳಿಯವರಿಗೆ ಯಾರೂ ಕಲಿಸಬೇಕಿಲ್ಲ. ಗಣಪತಿ ಹಬ್ಬ ದೂರವಿರುವಾಗಲೇ ಓಣಿಯ ಹುಡುಗರು ಬಾಗಿಲಿಗೆ ಬಂದು, "ಕಾಕಾ, ಈ ವರ್ಷ ಎಷ್ಟ್ ಬರೀಲಿ?" ಎಂದು ಕೇಳುತ್ತಾರೆ. ಯಾರೂ ಬರಿಗೈಲಿ ಕಳಿಸುವುದಿಲ್ಲ. ರೈಲ್ವೆ ಪೆನ್ಶನ್ನಿನ ಮೇಲೆ ನಡೆಯುವ ಕೇಶ್ವಾಪುರದ ಮನೆಗಳು ತಿಂಗಳಿಗೆ ಒಂದು ಚಹಾ ಖರ್ಚಿನಷ್ಟು ವರ್ಗಣಿ ಕೊಟ್ಟರೂ ಸಂಘ ನಡೆದೀತು. ಕೊಡಲು ಹಣವಿಲ್ಲದವರು ಭಾನುವಾರ ಎರಡು ತಾಸು ಬಂದು ನಿಂತು ಹೇಳಲಿ, ಅದೂ ವರ್ಗಣಿಯೇ. ಮನೆಯ ಟ್ರಂಕಿನಲ್ಲಿರುವ ಫೋಟೊ, ಪಾಸು, ಪುಸ್ತಕ ಕೊಡುವವರಿಗೆ ಹೆಸರು ಬರೆದ ಸ್ವೀಕೃತಿ ಚೀಟಿ ಸಿಗಬೇಕು. ಅಪ್ಪನ ನಿಯಮ ಪುಸ್ತಕ ಕೊಡಲು ನಾನು ಸಿದ್ಧ.

ಟೋಕನ್ ಯಂತ್ರ ನಡೆಸಿದವರಲ್ಲಿ ಹೆಚ್ಚಿನವರಿಗೆ ಈಗ ವಯಸ್ಸಾಗಿದೆ, ಕೆಲವರಿಗೆ ಕಿವಿ ಮಂದವಾಗಿದೆ. ಮೊದಲು ಕೂಡಿದ ಹಣ ಅವರ ಮಾತನ್ನು ರೆಕಾರ್ಡ್ ಮಾಡಲು ಖರ್ಚಾಗಲಿ. ಗಾಜಿನ ಕಪಾಟು, ಬಣ್ಣ, ಹೊಸ ಫಲಕ ಮುಂದಿನ ವರ್ಷದ ಪಟ್ಟಿಗೆ ಇರಲಿ.