ಕಾಫಿಯ ಜೊತೆಗೊಂದು ಅಭಿಪ್ರಾಯ

ಮನೆಗೆ ಬಂದವರಿಗೆ ಕಾಫಿಯ ಜೊತೆಗೆ ಗೃಹಸ್ಥನಾದವನು ಧಾರಾಳವಾಗಿ ಕೊಡಬಹುದಾದ ಇನ್ನೊಂದು ವಸ್ತುವೆಂದರೆ ಅಭಿಪ್ರಾಯ. ಕಾಫಿಗಾದರೋ ಪುಡಿ ಬೇಕು, ಹಾಲು ಬೇಕು, ಸಕ್ಕರೆ ಬೇಕು. ಅಭಿಪ್ರಾಯಕ್ಕೆ ಇಂಥ ಯಾವ ಸಾಮಗ್ರಿಯೂ ಬೇಕಿಲ್ಲ. ಓದಿದ ಪುಸ್ತಕದ ಮೇಲೆ ಅಭಿಪ್ರಾಯ ಹೇಳುವುದರಲ್ಲಿ ವಿಶೇಷವೇನಿದೆ? ಓದದ ಪುಸ್ತಕದ ಮೇಲೆ, ನೋಡದ ಚಿತ್ರದ ಮೇಲೆ, ಪಲ್ಲವಿ ಮುಗಿಯುವ ಮೊದಲೇ ಎದ್ದುಹೋದ ಹಾಡಿನ ಮೇಲೆ ತೀರ್ಪು ಕೊಡುವುದೇ ನಿಜವಾದ ಔದಾರ್ಯ.

ಮೈಸೂರಿನ ಸರಸ್ವತೀಪುರದ ರಾಯರು ಈ ವಿಷಯದಲ್ಲಿ ಮಹಾದಾನಿಗಳು. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷ ಕಳೆದಿದೆ. ಮೂರು ದಶಕಗಳ ಕಾಲ ಇತರರ ಸಾಲದ ಅರ್ಜಿಗಳ ಮೇಲೆ ‘ಮಂಜೂರು’ ಎಂದೋ ‘ನಾಮಂಜೂರು’ ಎಂದೋ ಬರೆದ ಕೈ ಅದು. ಈಗ ಅರ್ಜಿಗಳು ಬಾರದಿರುವುದರಿಂದ ಸಾಹಿತ್ಯ, ಸಂಗೀತ, ಸಿನಿಮಾಗಳೇ ಅವರ ಮುಂದೆ ಸರದಿಯಲ್ಲಿ ನಿಲ್ಲಬೇಕಾಗಿದೆ. ಹೆಚ್ಚಿನವು ನಾಮಂಜೂರಾಗುತ್ತವೆ. ಭಾನುವಾರ ಸಂಜೆ ಜಗಲಿಯಲ್ಲಿ ಸಭೆ. ಪಕ್ಕದ ಮನೆಯ ನಿವೃತ್ತ ಮೇಷ್ಟರು ಖಾಯಂ ಸಭಾಸದರು. ರಾಯರ ಪತ್ನಿ ಕಾಫಿ ಕೊಟ್ಟು, ಹೊಸ್ತಿಲ ಬಳಿ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಾರೆ. ಅವರ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ, ಅವರೂ ಹೇಳಿದ್ದಿಲ್ಲ.

2025ರ ಮಳೆಗಾಲದಲ್ಲಿ ಈ ಸಭೆಗೆ ಒಬ್ಬರು ಹೆಚ್ಚಾದರು. ಬೆಂಗಳೂರಿನಲ್ಲಿ ಸಂಸಾರ ಮಾಡಿಕೊಂಡಿರುವ ಮಗಳು ಶನಿವಾರ ಒಬ್ಬಳೇ ಬಂದು, ಸೋಮವಾರ ಬೆಳಗಿನ ರೈಲಿಗೆ ಹಿಂದಿರುಗತೊಡಗಿದಳು. ಹಾಗೆ ಬಂದದ್ದು ಒಂದು ವಾರವಲ್ಲ, ಸತತವಾಗಿ ಮೂರು ವಾರ. “ಅವರಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿ” ಎಂದಳು. ಮಧ್ಯಮ ವರ್ಗದ ಮರ್ಯಾದಸ್ಥ ಮನೆಗಳಲ್ಲಿ ಅಂಥ ಮಾತಿಗೆ ಮರುಪ್ರಶ್ನೆ ಇರುವುದಿಲ್ಲ. ಆದ್ದರಿಂದ ಎಲ್ಲರೂ ಹಾಡಿನ ವಿಷಯ ಮಾತನಾಡಿದರು.

ಹಾಡಿನ ವಿಷಯದಲ್ಲಿ ರಾಯರ ಸಿದ್ಧಾಂತ ಸರಳವಾದದ್ದು. ಕನ್ನಡದಲ್ಲಿ ಹಾಡು ಹುಟ್ಟಿದ್ದು 1978ರಲ್ಲಿ. ಕ್ಯಾಸೆಟ್ಟಿನ ಕಾಲ ಮುಗಿಯುವುದರೊಳಗೆ ತೀರಿಕೊಂಡಿತು. ಆ ವರ್ಷ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಗಳು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಹೊರಬಂತು. “ಅಲ್ಲಿ ರಾಗ ಹಿಂದೆ ನಿಂತು ಮಾತನ್ನು ಮುಂದಕ್ಕೆ ಕಳಿಸುತ್ತಿತ್ತು. ಈಗ ವಾದ್ಯಗಳ ನೂಕುನುಗ್ಗಲಿನಲ್ಲಿ ಮಾತೇ ಕಾಲ್ತುಳಿತಕ್ಕೆ ಸಿಕ್ಕುತ್ತದೆ” ಎನ್ನುವುದು ಅವರ ವಾದ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಭಾವಗೀತೆಯ ಗಾಯಕನಿಗೆ ಕವಿಯ ಪದವೇ ಯಜಮಾನ. ಸಿ. ಅಶ್ವತ್ಥರು ಕಂಠವನ್ನು ಎಷ್ಟೇ ಎತ್ತರಕ್ಕೆ ಏರಿಸಿದರೂ ಶರೀಫರ ಪದ ಒಂದಕ್ಷರವೂ ಮಾಸದೆ ಕೇಳಿಸುತ್ತಿತ್ತು. ಆದರೆ ರಾಯರ ಅಭಿಪ್ರಾಯದಲ್ಲಿ ಸಂಗೀತಶಾಸ್ತ್ರ ಎಷ್ಟು, ಸ್ವಂತ ಚರಿತ್ರೆ ಎಷ್ಟು ಎಂಬುದನ್ನು ಬಲ್ಲವರು ಹೊಸ್ತಿಲ ಬಳಿ ಕುಳಿತಿದ್ದರು. ಆ ಕ್ಯಾಸೆಟ್ಟು ಮನೆಗೆ ಬಂದದ್ದು ಮದುವೆಯಾದ ಹೊಸತರಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಗೆ. ಒಂದು ಮಗ್ಗುಲು ಮುಗಿದರೆ ಎದ್ದು ತಿರುಗಿಸಿ ಹಾಕುವುದು ಯಾರ ಸರದಿ ಎಂದು ಆಗ ದಂಪತಿಗಳಲ್ಲಿ ಹುಸಿಜಗಳವಾಗುತ್ತಿತ್ತು. ರಾಯರು ಹೊಗಳುತ್ತಿದ್ದುದು ಅನಂತಸ್ವಾಮಿಗಳನ್ನು ಮಾತ್ರವಲ್ಲ, ಆ ಸಂಜೆಗಳನ್ನು ಕೂಡ. ಹೆಂಡತಿಯ ಎದುರಿಗೆ “ಆ ದಿನಗಳು ಚೆನ್ನಾಗಿದ್ದವು” ಎಂದು ಹೇಳಲು ಸಂಕೋಚಪಡುವ ಗಂಡಸು “ಆ ಹಾಡುಗಳು ಚೆನ್ನಾಗಿದ್ದವು” ಎನ್ನುತ್ತಾನೆ.

ಎರಡನೆಯ ವಾರ ಮಗಳು ಒಂದು ಚಿತ್ರ ತೋರಿಸಿದಳು. ಹೇಮಂತ್ ರಾವ್ ನಿರ್ದೇಶಿಸಿದ ‘ಸಪ್ತ ಸಾಗರದಾಚೆ ಎಲ್ಲೋ’. 2023ರ ಸೆಪ್ಟೆಂಬರ್‌ನಲ್ಲಿ ‘ಸೈಡ್ ಎ’ ಎಂದೂ ನವೆಂಬರ್‌ನಲ್ಲಿ ‘ಸೈಡ್ ಬಿ’ ಎಂದೂ, ಕ್ಯಾಸೆಟ್ಟಿನ ಎರಡು ಮಗ್ಗುಲಿನಂತೆ, ಬಿಡುಗಡೆಯಾದ ಚಿತ್ರವದು. “ಒಂದು ಕಥೆ, ಎರಡು ಟಿಕೀಟು!” ಎಂದರು ರಾಯರು. ಹೆಸರು ಗೋಪಾಲಕೃಷ್ಣ ಅಡಿಗರ ಕವಿತೆಯಿಂದ ಬಂದದ್ದೆಂದು ನೆನಪಾದಾಗ ಸ್ವಲ್ಪ ಮೆತ್ತಗಾಗಿ, “ಹೆಸರು ಚೆನ್ನಾಗಿದೆ, ಅದು ಅಡಿಗರದು. ಉಳಿದದ್ದು ಇವರದು” ಎಂದು ಮುಂಗಡ ತೀರ್ಪನ್ನೂ ಕೊಟ್ಟರು.

ಕಥೆ ದೊಡ್ಡದೇನಲ್ಲ. ಶ್ರೀಮಂತರ ಮನೆಯಲ್ಲಿ ಕಾರು ಓಡಿಸುವ ಹುಡುಗ, ಹಾಡುವ ಹುಡುಗಿ. ಸ್ವಂತ ಮನೆಯ ಆಸೆಗೆ ಬಿದ್ದು ಹುಡುಗ ಯಜಮಾನನ ಮಗ ಮಾಡಿದ ಅಪಘಾತವನ್ನು ತನ್ನ ತಲೆಗೆ ಕಟ್ಟಿಕೊಂಡು ಸೆರೆಮನೆ ಸೇರುತ್ತಾನೆ. ಬೇಗ ಬಿಡಿಸುತ್ತೇವೆ ಎಂದವರ ಮಾತು ಮಾತಾಗಿಯೇ ಉಳಿಯುತ್ತದೆ. ಅವಳ ದನಿ ಕ್ಯಾಸೆಟ್ಟಿನಲ್ಲಿ ಅವನ ಬಳಿಗೆ ಬರುತ್ತದೆ, ಅವಳು ಬರಲಾಗುವುದಿಲ್ಲ. ಕೊನೆಗೆ ಅವಳಿಗೆ ಬೇರೊಬ್ಬನೊಡನೆ ಮದುವೆಯಾಗುತ್ತದೆ. ಚಿತ್ರ ಉದ್ದವಾಯಿತೆಂಬ ಆಕ್ಷೇಪಣೆಗೆ ಅವಕಾಶವುಂಟು. ‘ಸೈಡ್ ಬಿ’ಯಲ್ಲಂತೂ ಕಥೆ ಹಲವು ಸಲ ಅದೇ ಬೀದಿಯಲ್ಲಿ ಸುತ್ತುತ್ತದೆ. ಆದರೆ ಚರಣ್ ರಾಜರ ಸಂಗೀತ ಸದ್ದುಮಾಡದೆ ಆ ನಿಧಾನಕ್ಕೆ ಜೊತೆ ಕೊಡುತ್ತದೆ. ರುಕ್ಮಿಣಿ ವಸಂತ್ ಸುಮ್ಮನೆ ನೋಡಿದರೂ ಏನೋ ಹೇಳಿದಂತಾಗುತ್ತದೆ. ವಾದ್ಯಗಳ ನೂಕುನುಗ್ಗಲಿನ ವಾದಕ್ಕೆ ಇಲ್ಲಿ ಆಧಾರ ಸಿಗದೆ ರಾಯರು ಸಂಗೀತದ ಮಾತೆತ್ತಲಿಲ್ಲ. ಬೇರೊಂದು ಮಾತೆತ್ತಿದರು.

“ಈಗಿನ ಹುಡುಗಿಯರಿಗೆ ತಾಳ್ಮೆ ಸಾಲದು. ಇನ್ನು ನಾಲ್ಕು ವರ್ಷ ಕಾದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?”

ಮೇಷ್ಟರು ತಲೆಯಾಡಿಸಿದರು. ಮಗಳು ಕಿಟಕಿಯ ಕಡೆ ನೋಡುತ್ತ ಹೇಳಿದಳು: “ಒಳಗಿದ್ದವನ ವರ್ಷಗಳನ್ನು ಎಲ್ಲರೂ ಎಣಿಸುತ್ತಾರೆ, ಅಪ್ಪಾ. ಹೊರಗಿದ್ದು ಕಾದವಳ ವರ್ಷಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ.” ಆಮೇಲೆ ಲೋಟಗಳನ್ನು ಒಳಗಿಡುತ್ತೇನೆಂದು ಎದ್ದುಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಅಡಿಗೆಮನೆಯಲ್ಲಿ ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಅಭಿಪ್ರಾಯಕ್ಕೆ ಖರ್ಚಿಲ್ಲವೆಂಬುದು ಹೇಳುವವರ ಮಟ್ಟಿಗೆ ಸರಿ. ಅದರ ಬೆಲೆಯನ್ನು ಕೆಲವೊಮ್ಮೆ ಕೇಳುವವರು ತೆರಬೇಕಾಗುತ್ತದೆ.

ಮೂರನೆಯ ವಾರದ ವಿಷಯ ಪುಸ್ತಕ. ಹಾಸನದ ವಕೀಲೆ ಬಾನು ಮುಷ್ತಾಕರು 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ ಹನ್ನೆರಡನ್ನು ದೀಪಾ ಭಾಸ್ತಿಯವರು ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ತಂದರು. 2025ರ ಮೇ 20ರಂದು ಲಂಡನ್ನಿನಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಸಣ್ಣಕಥೆಗಳ ಸಂಕಲನಕ್ಕೂ ಮೊದಲನೆಯದು. 50,000 ಪೌಂಡುಗಳ ಬಹುಮಾನ ಲೇಖಕಿಗೂ ಅನುವಾದಕಿಗೂ ಸಮಪಾಲು. ಆ ತನಕ “ಬಂಡಾಯದವರ ಬರೆಹ ನನಗೆ ಹಿಡಿಸದು” ಎನ್ನುತ್ತಿದ್ದ ಮೇಷ್ಟರು ಮೇ 21ರ ಬೆಳಿಗ್ಗೆ “ನಾನು ಮೊದಲೇ ಹೇಳಿರಲಿಲ್ಲವೇ?” ಎಂದರು. ರಾಯರು, “ಪ್ರಶಸ್ತಿ ಬಂದ ಪುಸ್ತಕವೆಲ್ಲ ಒಳ್ಳೆಯದಾಗಬೇಕೆಂದಿಲ್ಲ” ಎಂದರು. ಇಬ್ಬರೂ ಒಂದು ಪುಟವನ್ನಾದರೂ ತೆರೆದಿರಲಿಲ್ಲವಾದ್ದರಿಂದ ಚರ್ಚೆ ಸಮಬಲದಿಂದ ನಡೆದಿತ್ತು.

ಆ ಭಾನುವಾರವೂ ಅದೇ ಚರ್ಚೆ ಮುಂದುವರಿದಾಗ ಹೊಸ್ತಿಲ ಬಳಿಯಿಂದ ಒಂದು ಮಾತು ಬಂತು: “ನಾನು ಓದಿದೆ.”

ಸಭೆ ಬೆರಗಾಯಿತು. ವಾಚನಾಲಯದಿಂದ ಕನ್ನಡದ ಪುಸ್ತಕವನ್ನು ತಂದು, ಮಧ್ಯಾಹ್ನದ ನಿದ್ದೆ ಬಿಟ್ಟು, ಆಕೆ ಒಂದು ವಾರ ಓದಿದ್ದರು. ‘ಎದೆಯ ಹಣತೆ’ ಎಂಬ ಕಥೆಯನ್ನು ಎರಡು ಸಲ ಓದಿದ್ದರು. ಗಂಡ ಬೇರೊಬ್ಬಳ ಕಡೆ ಹೊರಳಿದ ಮೇಲೆ ಹೆಣ್ಣೊಬ್ಬಳು ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಒಡಹುಟ್ಟಿದವರೇ ಅವಳನ್ನು ಗಂಡನ ಮನೆಗೆ ಮರಳಿ ಬಿಟ್ಟುಬರುತ್ತಾರೆ. ಆ ರಾತ್ರಿ ಅವಳು ಸೀಮೆಯೆಣ್ಣೆಯ ಡಬ್ಬಿಗೆ ಕೈಹಾಕುತ್ತಾಳೆ. ತಡೆದು ನಿಲ್ಲಿಸುವುದು ಅವಳ ಹಿರಿಯ ಮಗಳು.

“ಕಥೆ ಹೇಗಿದೆ?” ಎಂದರು ಮೇಷ್ಟರು.

“ಚೆನ್ನಾಗಿದೆ. ಯಾರನ್ನೂ ರಾಕ್ಷಸರನ್ನಾಗಿ ಮಾಡಿಲ್ಲ. ಅವರೆಲ್ಲ ಮನೆತನದ ಮರ್ಯಾದೆಗೆ ಹೆದರಿದ ಸಾಧಾರಣ ಜನ, ನಮ್ಮ ಹಾಗೆಯೇ.” ಆಕೆ ನಾರು ತೆಗೆದ ಹುರುಳಿಕಾಯಿಯನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿದರು. “ನನ್ನದೊಂದೇ ಅಭಿಪ್ರಾಯ. ತವರಿಗೆ ಬಂದ ಮಗಳನ್ನು ಏಕೆ ಬಂದೆ ಎಂದು ಕೇಳುವ ಮೊದಲು ಊಟಕ್ಕೆ ಕೂರಿಸಬೇಕು. ಉಂಡ ಮೇಲೆ, ಇರುತ್ತೀಯಾ ಎಂದು ಕೇಳಬೇಕು. ಹೊರಡುವ ರೈಲು ಎಷ್ಟು ಹೊತ್ತಿಗೆ ಎಂದಲ್ಲ.”

ಯಾರೂ ಏನೂ ಹೇಳಲಿಲ್ಲ. ಮೇಷ್ಟರಿಗೆ ಮನೆಯಲ್ಲಿ ಕೆಲಸ ನೆನಪಾಯಿತು. ಮಗಳು ತಾಯಿಯ ಪಕ್ಕಕ್ಕೆ ಬಂದು ಕುಳಿತು, ಒಂದು ಹಿಡಿ ಹುರುಳಿಕಾಯಿ ಎತ್ತಿಕೊಂಡಳು.

ಆ ರಾತ್ರಿ ಹಜಾರದ ದೀಪ ಒಂದು ಗಂಟೆಯಾದರೂ ಆರಲಿಲ್ಲ. ಬೆಳಿಗ್ಗೆ ಐದಕ್ಕೆ ಮಗಳು ಚೀಲ ಹಿಡಿದು ಹೊರಗೆ ಬಂದಾಗ ರಾಯರು ಕುರ್ಚಿಯಲ್ಲೇ ಇದ್ದರು. ಮಡಿಲಲ್ಲಿ ಪುಸ್ತಕ, ಪುಸ್ತಕದ ಮೇಲೆ ಕನ್ನಡಕ.

“ಓದಿದೆ, ಪುಟ್ಟೀ” ಎಂದರು. ಅವರ ದನಿಯಲ್ಲಿ ಎಂದಿನ ತೀರ್ಪಿನ ಠೀವಿ ಇರಲಿಲ್ಲ. “ಅವರು ಅವಳನ್ನು ಹಿಂದಕ್ಕೆ ಕಳಿಸಿದ್ದು ತಪ್ಪು. ಮೊನ್ನೆ ಆ ಸಿನಿಮಾದ ಹುಡುಗಿಯ ವಿಷಯದಲ್ಲಿ ನಾನು ಹೇಳಿದ್ದೂ ಸರಿಯಾಗಲಿಲ್ಲ.” ಸ್ವಲ್ಪ ಹೊತ್ತು ತಡೆದು, “ರೈಲು ನಾಳೆಯೂ ಇರುತ್ತದೆ” ಎಂದರು.

ಮಗಳು ಚೀಲ ಕೆಳಗಿಟ್ಟಳು. ಒಳಗೆ ಅಷ್ಟು ಹೊತ್ತಿಗಾಗಲೇ ಮೂರು ಲೋಟಗಳಲ್ಲಿ ಕಾಫಿ ಸಿದ್ಧವಾಗಿತ್ತು.

ಅವಳ ಸಂಸಾರದ ತೊಡಕು ಆ ಬೆಳಿಗ್ಗೆಯೇ ಬಿಡಿಸಿಹೋಗಲಿಲ್ಲ. ಅದಕ್ಕೆ ಪುಸ್ತಕವೊಂದೇ ಸಾಲದು; ಹಾಡೂ ಸಾಲದು, ಚಿತ್ರವೂ ಸಾಲದು. ಆದರೆ ಎದುರುಬದುರು ಕುಳಿತು ಆಡಲಾಗದ ಮಾತನ್ನು ಜನ ಬೇರೆಯವರ ಕಥೆಯ ಮೇಲೆ ಹೇರಿ ಆಡುತ್ತಾರೆ, ಅಂಗಳದ ಹಗ್ಗದ ಮೇಲೆ ಒದ್ದೆ ಬಟ್ಟೆ ಹಾಕುವಂತೆ. ಹಗ್ಗ ಯಾವ ಬಣ್ಣದ್ದೆಂದು ವಾದಿಸುವವರೇ ಹೆಚ್ಚು. ಬಟ್ಟೆ ಯಾರದೆಂದು ನೋಡುವವರು ಕಡಿಮೆ.

ಮುಂದಿನ ಭಾನುವಾರವೂ ಜಗಲಿಯಲ್ಲಿ ಸಭೆ ಸೇರಿತು. ಮೇಷ್ಟರು ಹೊಸ ಚಿತ್ರವೊಂದರ ಹೆಸರೆತ್ತಿ, “ನಿಮ್ಮ ಅಭಿಪ್ರಾಯವೇನು, ರಾಯರೇ?” ಎಂದರು.

“ಇನ್ನೂ ನೋಡಿಲ್ಲ” ಎಂದರು ರಾಯರು.

ಮೇಷ್ಟರು ಕಾಫಿಯ ಲೋಟವನ್ನು ಕೆಳಗಿಟ್ಟು ಅವರ ಮುಖವನ್ನೇ ನೋಡಿದರು. ಇಷ್ಟು ವರ್ಷಗಳ ಸ್ನೇಹದಲ್ಲಿ ಅವರು ಆ ಉತ್ತರವನ್ನು ಕೇಳಿದ್ದು ಅದೇ ಮೊದಲು.